ಗಾಣದ ಹಲಗೆಯ ಮೇಲೆ ಕೂತವಳು

ನಿನ್ನೆ ಯಳಂದೂರಿನ ಅಂಗಡಿಯೊಂದರಲ್ಲಿ ಹುಚ್ಚೆಳ್ಳೆಣ್ಣೆ ಕೇಳಿದೆ. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದು, "ಎತ್ತಿನ ಗಾಣದ್ದು ಕಣಕ್ಕ, ಮೂಸ್ನೋಡಿ" ಎಂದ. ಮೂಸಿದೊಡನೆ ಧನಗೆರೆಯಲ್ಲಿದ್ದ ತಾತನ ಗಾಣ ಕಣ್ಣ ಮುಂದೆ ಬಂತು.

ತಾತ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ ಗಾಣ ಸುತ್ತಿಸುತ್ತಿದ್ದ. ಕಾಳು ಅರೆಯಬೇಕಾದರೆ ಎತ್ತು ಎಳೆಯುವ ಹಲಗೆಯ ಮೇಲೆ ಭಾರ ಇರಬೇಕು. ಬೇಸಿಗೆ ರಜೆಯಲ್ಲಿ ತಾತ ಕಲ್ಲು ಇಳಿಸಿ, ಅದರ ಜಾಗದಲ್ಲಿ ನನ್ನನ್ನು ಕೂರಿಸುತ್ತಿದ್ದ. ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ನೊಗದ ಕೆಳಗೆ ಎತ್ತಿನ ಹೆಗಲು ಚರ್ಮ ಕಿತ್ತು ಕೆಂಪಗಾಗಿದ್ದು ಕಂಡಿತು. ತಾತನ ಕಣ್ಣು ಆಗಲೇ ಮಂಜಾಗಿತ್ತು. ಹೇಳಿದರೆ ಗಾಣ ನಿಲ್ಲಿಸುತ್ತಾನೆ, ನನ್ನ ಸವಾರಿಯೂ ನಿಲ್ಲುತ್ತದೆ. ನಾನು ಸುಮ್ಮನೆ ಕೂತೆ. ನೊಣ ಮುತ್ತಿದಾಗ ಟವಲು ಬೀಸಿ ಓಡಿಸಿದೆ, ಅಷ್ಟೇ.

ಮೂರನೆಯ ದಿನ ಎತ್ತು ನಿಂತುಬಿಟ್ಟಿತು. ನೊಗ ಇಳಿಸಿದ ತಾತನ ಕೈಗೆ ರಕ್ತ ಅಂಟಿತು. ಅರಿಶಿನದ ಎಣ್ಣೆ ಹಚ್ಚುತ್ತಾ, "ನನ್ ಕಣ್ಗೂ ಬಟ್ಟೆ ಕಟ್ಟಿತ್ತಾ ಕೂಸೇ, ಕಾಣ್ನೇ ಇಲ್ವಲ್ಲ" ಎಂದ.

"ನಂಗೂ ಕಾಣ್ನಿಲ್ಲ ತಾತ" ಎಂದೆ.

"ನೀನು ಕೂಸು, ನಿಂಗೆಲ್ಲಿ ಕಂಡದು" ಎಂದು ತಲೆ ಸವರಿದ. ಸಾಯುವವರೆಗೂ ಆ ಎತ್ತಿನ ಮಾತು ಬಂದಾಗಲೆಲ್ಲ ತನ್ನನ್ನೇ ಬೈದುಕೊಂಡ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

"ಹೆಂಗದೆ ಕಣಕ್ಕ?" ಎಂದ ಅಂಗಡಿಯವನು. ಚೆನ್ನಾಗಿದೆ ಎಂದು ಒಂದು ಲೀಟರು ಕೊಂಡೆ. ಆ ಗಾಣದ ಎತ್ತಿನ ಹೆಗಲು ಹೇಗಿದೆ ಎಂದು ಕೇಳಲು ನನಗೆ ನಿನ್ನೆಯೂ ಬಾಯಿ ಬರಲಿಲ್ಲ.