ಬೂಟಿಗೆ ಬಿಗಿದ ಪಟ್ಟಿ

"ಗಾಡಿ ಬೂಟ್ ಹರಿದೈತೆ, ಅವ್ವ" ಎಂದು ನನ್ನ ಗಂಡ ಹೇಳಿದಾಗ ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಲೇ ಇಲ್ಲ. "ಚಪ್ಪಲಿ ಹಾಕ್ಕಂಡು ಹೋಗು. ಸೊರಬಕ್ಕೆ ಹೋಗಾಕೆ ಬೂಟೇ ಬೇಕಾ?" ಎಂದರು. ನನಗೆ ನಗು ಬಂತು. ವಿಷಯ ಏನೆಂದು ತಿಳಿದ ಮೇಲೆ ನಗು ನಿಂತಿತು.

ಐವತ್ತರ ದಶಕದ ಕೊನೆ. ಶಿಕಾರಿಪುರದ ನಮ್ಮ ಮನೆಯಲ್ಲಿ ಮಿಲಿಟರಿಯವರು ಮಾರಿದ ಹಳೆಯ ಗಾಡಿಯೊಂದಿತ್ತು. ಅದು ಜೀಪಲ್ಲ ಎಂದು ನನ್ನ ಗಂಡ ಎಷ್ಟು ಹೇಳಿದರೂ ಊರವರ ಪಾಲಿಗೆ ಅದು ಜೀಪೇ. ಮುಂದಿನ ಚಕ್ರದ ಹಿಂದೆ, ಅಚ್ಚಿನ ಕೀಲಿನ ಮೇಲೆ, ಗ್ರೀಸು ಹೊರಬಾರದಂತೆ, ಧೂಳು ಒಳಹೋಗದಂತೆ ಒಂದು ರಬ್ಬರಿನ ಚೀಲವಿರುತ್ತಿತ್ತು. ಅದಕ್ಕೇ ಬೂಟ್ ಅನ್ನುತ್ತಿದ್ದರು. ಶಿವಮೊಗ್ಗದಿಂದ ಹೊಸ ಬೂಟೇನೋ ಬಂತು. ಅದರ ಎರಡು ಬಾಯಿಗೆ ಬಿಗಿಯುವ ಪಟ್ಟಿಗಳು ಬರಲಿಲ್ಲ. ಅವಿಲ್ಲದೆ ಗಾಡಿ ದೂರ ಹೋಗುವಂತಿರಲಿಲ್ಲ.

ನಾನಾಗ ಚೊಚ್ಚಲ ಬಸುರಿ. ತವರು ಸೊರಬ. ಎಂಟನೇ ತಿಂಗಳು ಬಿದ್ದರೆ ಬಸುರಿಯನ್ನು ಊರು ದಾಟಿಸುವ ಪದ್ಧತಿ ನಮ್ಮಲ್ಲಿರಲಿಲ್ಲ, ಒಂಬತ್ತರಲ್ಲಿ ರಸ್ತೆಯ ಕುಲುಕಾಟಕ್ಕೆ ಯಾರೂ ಒಪ್ಪುತ್ತಿರಲಿಲ್ಲ. ನನಗೆ ಏಳು ಮುಗಿಯುತ್ತ ಬಂದಿತ್ತು. ಬಸ್ಸಿನಲ್ಲಿ ಕಳಿಸಲು ಅತ್ತೆ ಸುತರಾಂ ತಯಾರಿರಲಿಲ್ಲ. ಗಾಡಿ ಹೊರಟರೆ ಹೆರಿಗೆ ಅಮ್ಮನ ಹತ್ತಿರ, ಇಲ್ಲದಿದ್ದರೆ ಇಲ್ಲೇ. ನನಗೆ ಅಮ್ಮ ಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ, ಮುಖ ಊದಿಸಿಕೊಂಡು ಓಡಾಡುವ ಧೈರ್ಯ ಧಾರಾಳವಾಗಿತ್ತು.

ನನ್ನ ಗಂಡ ಅಂಗಳದಲ್ಲೇ ಗಾಡಿಯ ಕೆಳಗೆ ಮಲಗಿ, ಹೊಸ ಬೂಟ್ ಏರಿಸಿ, ಬೇಲಿಯ ತಂತಿ ಸುತ್ತಿ ಇಕ್ಕಳದಿಂದ ತಿರುಚಿದರು. ಗಾಡಿ ಹೊರಗೆ ತೆಗೆಯಲು ಚಕ್ರವನ್ನು ಪೂರ್ತಿ ತಿರುಗಿಸಿದ್ದೇ ತಡ, ತಂತಿ ಜಾರಿ ಬೂಟಿನ ಬಾಯಿ ಬಿಚ್ಚಿಕೊಂಡಿತು. ನನ್ನ ರಂಗೋಲಿಯ ಮೇಲೆಲ್ಲ ಗ್ರೀಸು.

"ಚಕ್ರ ನೆಟ್ಟಗಿದ್ದಾಗ ಎಳೆದು ಕಟ್ಟಿಬಿಟ್ಟೆ. ತಿರುಗಾಕೆ ಸಡಿಲನೇ ಬಿಟ್ಟಿಲ್ಲ" ಎಂದು ತಮ್ಮನ್ನೇ ಬೈದುಕೊಂಡರು.

"ಬಿಡ್ರಿ, ಇಲ್ಲೇ ಹೆರ್ತೀನಿ" ಎಂದು ನಾನು ಒಳಗೆ ಹೋಗಿ ಅಳುತ್ತ ಕೂತೆ.

ಅತ್ತೆ ಒಳಗೆ ಬಂದರು. ಮೂಲೆಯಲ್ಲಿದ್ದ ತಮ್ಮ ಮರದ ಪೆಟ್ಟಿಗೆಯನ್ನು ಎಳೆದರು. ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಅದಕ್ಕೆ ಸುತ್ತ ಬಿಗಿದಿದ್ದ ತೆಳ್ಳನೆಯ ಕಬ್ಬಿಣದ ಪಟ್ಟಿಯನ್ನು ಮೀಟಿ ಕೀಳತೊಡಗಿದರು.

"ಅದನ್ಯಾಕೆ ಕೀಳ್ತೀಯವ್ವ?" ಎಂದರು ನನ್ನ ಗಂಡ.

"ಪೆಟ್ಟಿಗೆ ಎಲ್ಲಿಗೆ ಹೋಗಬೇಕಾಗೈತೆ?"

ಅತ್ತೆಯ ಚೊಚ್ಚಲ ಹೆರಿಗೆ ಇದೇ ಮನೆಯಲ್ಲಿ ಆಗಿತ್ತು. ಆ ಹೊತ್ತಿಗೆ ಅವರ ತಾಯಿ ತೀರಿಕೊಂಡಿದ್ದರು. ಇದು ನನಗೆ ಗೊತ್ತಿದ್ದ ಸಂಗತಿಯೇ. ಆವತ್ತಿನವರೆಗೆ ಅದರ ಬಗ್ಗೆ ಯೋಚಿಸಿರಲಿಲ್ಲ, ಅಷ್ಟೆ.

ಪಟ್ಟಿಯನ್ನು ಎರಡು ತುಂಡು ಮಾಡಿ, ಅಂಚು ಉಜ್ಜಿ, ತುದಿಗಳನ್ನು ಮಡಿಸಿ ಬೋಲ್ಟಿಗೆ ತೂತು ಹೊಡೆದದ್ದಾಯಿತು. ರಬ್ಬರು ಕತ್ತರಿಸದಿರಲೆಂದು ಅಡಿಯಲ್ಲಿ ಹಳೆಯ ಸೀರೆಯ ತುಂಡು. ಈ ಸಲ ಚಕ್ರವನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಬೂಟ್ ಎಲ್ಲಿ ಕೂರುತ್ತದೋ ಅಲ್ಲಿ ಕೂರಿಸಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ನೆಲದಲ್ಲಿ ಕೂತು, ಒಳಗಿನ ಗಾಳಿಯನ್ನು ಒತ್ತಿ ತೆಗೆದು ಬಾಯಿ ಹಿಡಿದುಕೊಂಡರು. ಮಗ ಬೋಲ್ಟು ಬಿಗಿದರು. ಅತ್ತೆಯ ಮೊಣಕೈವರೆಗೆ ಗ್ರೀಸು ಮೆತ್ತಿತ್ತು.

ಮಾರನೆಯ ದಿನ ಶಿರಾಳಕೊಪ್ಪದ ಮೇಲೆ ಸೊರಬ ಮುಟ್ಟಿದೆವು. ಒಂದು ತೊಟ್ಟು ಗ್ರೀಸೂ ಹೊರಗೆ ಬಂದಿರಲಿಲ್ಲ.

ಒಂಬತ್ತು ತುಂಬಿದಾಗ ತವರಿನ ಬಾಗಿಲಲ್ಲಿ ಅದೇ ಗಾಡಿ ನಿಂತಿತು. ಬಟ್ಟೆಯ ಗಂಟು ಹಿಡಿದು ಅತ್ತೆ ಇಳಿದರು. ಹೆರಿಗೆಗೆಂದು ಬೀಗಿತ್ತಿ ಬಂದು ಉಳಿಯುವುದು ನಮ್ಮಲ್ಲಿ ರೂಢಿಯಲ್ಲ, ಅಮ್ಮ ಕಕ್ಕಾಬಿಕ್ಕಿಯಾದರು. "ಪಟ್ಟಿ ಗಟ್ಟಿ ಐತೋ ಇಲ್ಲೋ ನೋಡಾನ ಅಂತ ಬಂದೆ" ಎಂದರು ಅತ್ತೆ.

ನೋವು ಬಂದಾಗ ನನ್ನ ಒಂದು ಕೈಯನ್ನು ಅಮ್ಮ ಹಿಡಿದಿದ್ದರು, ಇನ್ನೊಂದನ್ನು ಅತ್ತೆ. ನಾನು "ಅವ್ವಾ" ಎಂದು ಕೂಗಿದೆನಂತೆ. ಹೆತ್ತ ತಾಯಿಯನ್ನು ನಾನು ಯಾವತ್ತೂ ಕರೆದದ್ದು ಅಮ್ಮ ಎಂದೇ.