ಅಂಗಾಲಿಗೆ ಗೊತ್ತಾಗುವ ನೀರು

ಸುರಂಗದ ಅಜ್ಜನ ಅಂಗಾಲಿನ ಬಿರುಕುಗಳಲ್ಲಿ, ಎಷ್ಟು ಉಜ್ಜಿ ತೊಳೆದರೂ ಹೋಗದ ಮುರಕಲ್ಲಿನ ಮಣ್ಣಿನ ಕೆಂಪಿತ್ತು. ಜಗಲಿಯಲ್ಲಿ ಕಾಲು ಚಾಚಿ ಕೂತರೆ ಮೊದಲು ಕಾಣುತ್ತಿದ್ದದ್ದೇ ಆ ಎರಡು ಕೆಂಪು ಹಿಮ್ಮಡಿ. ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ಬರಿಸುವುದು ಅವರ ಕೆಲಸ. ನಮ್ಮ ಬಾಯಾರು ಊರಿನ ಹಲವು ಮನೆಗಳು ಇವತ್ತಿಗೂ ಅವರು ಕಂಡುಹಿಡಿದ ನೀರನ್ನೇ ಕುಡಿಯುತ್ತವೆ.

ನಾನು ಪೇಟೆ ಬದಿಯ ನಾಯ್ಮಾರ್ಮೂಲೆಯಲ್ಲಿ ಬೆಳೆದವಳು, ಅಂಗಳಕ್ಕಿಳಿಯಲೂ ಚಪ್ಪಲಿ ಬೇಕು. ಇಲ್ಲಿಯ ಶಾಲೆಗೆ ಟೀಚರಾಗಿ ಬಂದು ಗುಡ್ಡದ ಬುಡದಲ್ಲಿ ಮನೆ ಕಟ್ಟಿದಾಗ ನೀರಿಗಾಗಿ ಅವರನ್ನು ಕರೆಸಿದೆವು. ಚಪ್ಪಲಿ ಹಾಕುವುದೆಂದರೆ ಕಾಲಿನ ಕಣ್ಣು ಕಟ್ಟಿದ ಹಾಗೆ ಎಂದು ಬಂದವರೇ ನನ್ನನ್ನು ಗೇಲಿ ಮಾಡಿದರು. ಆಮೇಲೆ ಬರಿಗಾಲಲ್ಲಿ, ಅರೆನಿದ್ದೆಯಲ್ಲಿರುವವರ ಹಾಗೆ ಗುಡ್ಡದಲ್ಲಿ ಅತ್ತಿತ್ತ ಅಡ್ಡಾಡಿ, ಒಂದು ಕಡೆ ನಿಂತು ಕಣ್ಣು ಮುಚ್ಚಿದರು. "ನೀರುಂಟು," ಎಂದರು. ನನಗೆ ನಗು ಬಂತು. ಅಲ್ಲೇ ಸುರಂಗ ಕೊರೆದಾಗ ನೀರೂ ಬಂತು, ನಗು ಹೋಯಿತು.

ಆಮೇಲೂ ಅವರು ಬಂದುಹೋಗುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಜಗಲಿ ಹತ್ತಿದಾಗ ಸಿಮೆಂಟಿನ ಮೇಲೆ ರಕ್ತದ ಹೆಜ್ಜೆ ಮೂಡಿತು. ಅಂಗಾಲಲ್ಲಿ ಮುಳ್ಳು ಮುರಿದು ಕೂತಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದೆ, ಇನ್ನು ಬರಿಗಾಲು ಕೂಡದು ಎಂದರು ಡಾಕ್ಟರು. ಗಾಯ ಮಾಯಿತು. ಆದರೆ ಮುಳ್ಳು ಚುಚ್ಚಿದ್ದು ತಿಳಿಯದೇ ಹೋಯಿತಲ್ಲ ಎಂಬ ಅಜ್ಜನ ಕೊರಗು ಮಾಯಲಿಲ್ಲ.

ಆಮೇಲೆ ಅವರು ಮೆತ್ತನೆಯ ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ಕೂತು, ನನ್ನನ್ನು ಬರಿಗಾಲಲ್ಲಿ ಸುರಂಗದ ಬಾಯಿಯವರೆಗೆ ಕಳಿಸತೊಡಗಿದರು. ಮರಳಿ ಬಂದು ವರದಿ ಒಪ್ಪಿಸಬೇಕು. ತಂಪಾಗಿದೆ ಎಂದರೆ ಸಾಲದು, ಹೆಬ್ಬೆರಳಿಗೋ ಹಿಮ್ಮಡಿಗೋ ಎಂದು ಕೇಳುವರು. ಕಲ್ಲು ಚುಚ್ಚಿತು, ಇರುವೆ ಕಚ್ಚಿತು, ಬೇಸಿಗೆಯ ಬಂಡೆ ಸುಟ್ಟಿತು. ಆದರೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಡೆಯುವಾಗ ಶಾಲೆ, ಹೊತ್ತು, ನಾನು ಎಲ್ಲಿದ್ದೇನೆ ಎಂಬುದು ಕೂಡ ಮರೆತುಹೋಗುತ್ತಿತ್ತು. ಒಮ್ಮೆ ಸೋಮಾರಿತನದಿಂದ ಚಪ್ಪಲಿಯಲ್ಲೇ ಹೋಗಿ ಬಂದು, ಮಣ್ಣು ಹಸಿಯಾಗಿದೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಅಜ್ಜ ನನ್ನ ಮುಖವನ್ನೇ ನೋಡಿದರು.

"ಅಷ್ಟು ಬೇಗ ಕಾಲು ಹೇಳುದಿಲ್ಲ ಟೀಚರೇ. ಇನ್ನೊಮ್ಮೆ ಹೋಗಿ ಬನ್ನಿ."

ನಾಚಿಕೆಯಾಗಿ ಮತ್ತೆ ಹೋದೆ.

ಕಳೆದ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ಮಾತೂ ಕಡಿಮೆಯಾಗಿದೆ ಎಂದು ಅವರ ಮಗಳು ಹೇಳಿಕಳಿಸಿದಳು. ಸುರಂಗದ ಬಾಯಿಯ ಹಸಿಮಣ್ಣನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಹೋಗಿ ಅವರ ಅಂಗಾಲಿಗೆ ಒತ್ತಿ ಹಿಡಿದೆ.

"ಎಂತ ಇಟ್ಟದ್ದು? ಗೊತ್ತಾಗುದಿಲ್ಲ."

ಅದನ್ನೇ ತೆಗೆದು ಅವರ ಕೆನ್ನೆಗೆ ಇಟ್ಟೆ. ಅಜ್ಜ ಕಣ್ಣು ಮುಚ್ಚಿದರು.

"ನೀರುಂಟು," ಎಂದರು.

ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟರು. ಕೇಳುವವರಿಲ್ಲದಿದ್ದರೂ ನಾನು ದಿನಾ ಬೆಳಿಗ್ಗೆ ಸುರಂಗದವರೆಗೆ ನಡೆದು ಬರುತ್ತೇನೆ. ನನ್ನ ಹಿಮ್ಮಡಿಯಲ್ಲೂ ಈಗ ತೆಳ್ಳಗೆ ಬಿರುಕು ಬಿಟ್ಟಿದೆ, ಬಿರುಕಿನಲ್ಲಿ ಕೆಂಪು. ಉಜ್ಜಿದರೂ ಹೋಗುವುದಿಲ್ಲ. ಹೋಗುವುದು ನನಗೂ ಬೇಡ.