ಆಯಿ ಬಿಟ್ಟುಕೊಟ್ಟ ಮಾತು

ಶಾಲೆಯವರು ಗೌರಿಯ ಹಳೆಯ ವೈದ್ಯಕೀಯ ವರದಿಯ ಪ್ರತಿ ಕೇಳಿದ್ದರು. ಹುಡುಕಲು ಟ್ರಂಕು ತೆಗೆದವನ ಮೂಗಿಗೆ ಮೊದಲು ತಾಗಿದ್ದು ಡಾಂಬರ್ ಗುಳಿಗೆಯ ವಾಸನೆ. ನಮ್ಮ ಮನೆಯಲ್ಲಿ ಮುಖ್ಯವಾದ ಕಾಗದಗಳೆಲ್ಲ ಉಣ್ಣೆಯ ಬಟ್ಟೆಗಳ ಜೊತೆ ಮಲಗುತ್ತವೆ. ಇದು ನನ್ನ ಹೆಂಡತಿ ಶೈಲಾಳ ವ್ಯವಸ್ಥೆ. ಹುಳ ತಿನ್ನದೆ ಉಳಿದದ್ದೆಲ್ಲ ಸುರಕ್ಷಿತ ಎಂದು ಅವಳ ನಂಬಿಕೆ. ನೆನಪಿಗೂ ಅಂಥದೊಂದು ಗುಳಿಗೆ ಸಿಗುವಂತಿದ್ದರೆ ನಾನು ಆರು ವರ್ಷದ ಹಿಂದೆಯೇ ತಂದಿಡುತ್ತಿದ್ದೆ.

ನಾನು ರಾಯಬಾಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ, ನಂಬುವ ಮೊದಲು ಅಳೆದು ನೋಡಬೇಕು ಎಂದು ಕಲಿತವನು. ಆ ಕಲಿಕೆಯನ್ನು ಬೇರೆಯವರ ಮಾತಿಗೆಲ್ಲ ಹಚ್ಚಿದೆ. ನನ್ನ ಮಾತಿಗೆ ಹಚ್ಚಲು ಮರೆತೆ. ಈ ಬರಹ ಅದರ ಬಗ್ಗೆ.

ಗೌರಿ ನನ್ನ ಮಗಳು. ಈಗ ಅವಳಿಗೆ ಒಂಬತ್ತು. ನಾನು ಹೇಳುತ್ತಿರುವುದು ಅವಳಿಗೆ ಮೂರಾಗಿದ್ದಾಗಿನ ಮಾತು. ನಮ್ಮ ಮನೆ ದೊಡ್ಡ ರಸ್ತೆಗೆ ಹತ್ತಿಕೊಂಡೇ ಇದೆ. ಕಬ್ಬಿನ ಹಂಗಾಮಿನಲ್ಲಿ ನೀವು ಈ ಕಡೆ ಬಂದಿದ್ದರೆ ಬಲ್ಲಿರಿ: ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಟ್ರಾಲಿಯ ಮೇಲೆ ಮನೆಯೆತ್ತರ ಕಬ್ಬು, ಚಾಲಕನ ತಲೆಯ ಹಿಂದೆ ಎರಡು ಸ್ಪೀಕರು. ಮೊದಲು ಹಾಡು ಬರುತ್ತದೆ, ಗಾಡಿ ಆಮೇಲೆ. ನಮಗೆ ಆ ಹಾಡು ಕೇಳಿಸುವ ಎಷ್ಟೋ ಮೊದಲೇ ಗೌರಿಗೆ ಕೇಳಿಸುತ್ತಿತ್ತು. ಆಡುತ್ತಿದ್ದವಳು ಸೆಟೆದು ನಿಂತು, ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ತೂರಿ ಮುಂಗೈ ಕಚ್ಚಿಕೊಳ್ಳುತ್ತಿದ್ದಳು. ಅಂಗಿಯ ಕೊರಳಿನ ಲೇಬಲ್ಲು ತಾಗಿದರೆ ಚರ್ಮ ಸುಟ್ಟವಳಂತೆ ಅರಚುತ್ತಿದ್ದಳು. ಜೋಳದ ರೊಟ್ಟಿಯ ಒಣ ಅಂಚು ಬಿಟ್ಟರೆ ಬೇರೇನನ್ನೂ ಬಾಯಿಗಿಡುತ್ತಿರಲಿಲ್ಲ. ನಡೆಯುವುದು ತುದಿಗಾಲಲ್ಲಿ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮಾತು, ಒಂದೂ ಇರಲಿಲ್ಲ.

ಬಂದವರೆಲ್ಲ ಒಂದೊಂದು ಕಾರಣ ಕೊಟ್ಟು ಚಹಾ ಕುಡಿದು ಹೋದರು. ದೃಷ್ಟಿ ಎಂದರು, ತಂದೆಯ ಕಡೆಯ ಮೊಂಡುತನ ಎಂದರು. ನನ್ನ ಸೋದರತ್ತೆ, ಅಮಾವಾಸ್ಯೆ ಹತ್ತಿರ ಬಂದಂತೆ ಹೆಚ್ಚಾಗುತ್ತದೆ, ಲಕ್ಷ್ಯಕೊಟ್ಟು ನೋಡು ಎಂದಳು. ನಾನು ಲಕ್ಷ್ಯಕೊಟ್ಟೇ ನೋಡಿದೆ. ಅತ್ತೆಯ ಮಾತು ಸುಳ್ಳೆಂದು ತೋರಿಸಲು ಮೂರು ತಿಂಗಳು ಗೌರಿ ಅತ್ತ ಹೊತ್ತು, ಎಷ್ಟು ನಿಮಿಷ, ಆ ದಿನದ ತಿಥಿ ಎಲ್ಲವನ್ನೂ ಕೋಷ್ಟಕ ಹಾಕಿ ಬರೆದೆ. ಅಮಾವಾಸ್ಯೆಗೂ ಅಳುವಿಗೂ ಸಂಬಂಧವಿಲ್ಲ ಎಂದು ಸಿದ್ಧವಾಯಿತು. ಅಳುವಿಗೆ ಯಾವುದರ ಜೊತೆ ಸಂಬಂಧ ಎನ್ನುವುದು ಮಾತ್ರ ಸಿದ್ಧವಾಗಲಿಲ್ಲ. ಒಂದು ದಿನ ಹೀಗೆ ಗಡಿಯಾರ ನೋಡುತ್ತ ನಿಂತಾಗ ಶೈಲಾ ಅಂದಳು: "ಅಳೂದು ಬರಕೊಳ್ಳಾಕ ಒಬ್ಬರು ಬೇಕು, ಎತ್ತಿಕೊಳ್ಳಾಕ ಒಬ್ಬರು ಬೇಕು. ನಿಮ್ಮ ಪಾಳಿ ಯಾವುದು, ನೋಡಕೊಳ್ರಿ."

ಎತ್ತಿಕೊಳ್ಳುವ ಪಾಳಿ ಹೆಚ್ಚಾಗಿ ನನ್ನ ತಾಯಿಯದು. ಅವಳನ್ನು ನಾನು ಆಯಿ ಎನ್ನುತ್ತೇನೆ, ಗೌರಿ ಆಜಿ ಎನ್ನುತ್ತಾಳೆ. ಆಯಿ ನಿಪ್ಪಾಣಿ ಕಡೆಯ ಮರಾಠಿ ಮನೆಯ ಹೆಣ್ಣು, ಏಕಸಂಬಿಯ ಕನ್ನಡದ ಮನೆಗೆ ಸೊಸೆಯಾಗಿ ಬಂದವಳು. ಅವಳ ಸಂಸಾರ ಎರಡು ಭಾಷೆಯಲ್ಲಿ ನಡೆಯುತ್ತಿತ್ತು. ಹೊಲ, ಸಂತೆ, ಜಗಳ ಕನ್ನಡದಲ್ಲಿ; ಮಕ್ಕಳು, ದೇವರು, ಜ್ವರ ಮರಾಠಿಯಲ್ಲಿ. ನಮ್ಮ ಕಡೆ ಇದೇನು ವಿಶೇಷವಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದೇ ವಾಕ್ಯವನ್ನು ಕನ್ನಡದಲ್ಲಿ ಹತ್ತಿ ಮರಾಠಿಯಲ್ಲಿ ಇಳಿಯುವವರಿದ್ದಾರೆ.

ಗೌರಿ ಮಂಚದ ಕೆಳಗೆ ಸೇರಿದಾಗ ಆಯಿ ತಾನೂ ನೆಲಕ್ಕೆ ಕೂತು, ಅವಳನ್ನು ಮೆಲ್ಲಗೆ ಈಚೆ ಎಳೆದುಕೊಂಡು, ಬೆನ್ನಿಗೆ ಅಂಗೈಯೊತ್ತಿ ಊರುಗಳ ಹೆಸರು ಹೇಳುತ್ತಿದ್ದಳು. ತಾನು ಮದುವೆಯಾಗಿ ಬಂದ ದಾರಿಯ ಊರುಗಳು. "ನಿಪ್ಪಾಣೀ ಸುಟಲಂ, ಭೋಜ ಆಲಂ, ಬೇಡಕೀಹಾಳ ಆಲಂ, ಸದಲಗಾ ಆಲಂ..." ನಿಪ್ಪಾಣಿ ಬಿಟ್ಟಿತು, ಭೋಜ ಬಂತು, ಬೇಡಕಿಹಾಳ ಬಂತು, ಸದಲಗಾ ಬಂತು, ಅಷ್ಟೇ. ಊರಿಗೊಂದು ಸಲ ಅಂಗೈ ಬಲವಾಗಿ ಬೆನ್ನನ್ನೊತ್ತುತ್ತಿತ್ತು. ಕೊನೆಗೆ ಏಕಸಂಬಿ. ರಾಗವಿಲ್ಲ, ಪ್ರಾಸವಿಲ್ಲ, ಬಸ್ಸಿನ ಕಂಡಕ್ಟರೂ ಇದಕ್ಕಿಂತ ಚೆನ್ನಾಗಿ ಹೇಳುತ್ತಾನೆ. ಆದರೆ ಎರಡನೆಯ ಸಲ ಸದಲಗಾ ಬರುವಷ್ಟರಲ್ಲಿ ಗೌರಿಯ ಹಲ್ಲು ಮುಂಗೈ ಬಿಡುತ್ತಿತ್ತು.

ಹಿರಿಯರಿಗೆ ಎಲ್ಲ ಗೊತ್ತಿತ್ತು ಎನ್ನುವವರ ಗುಂಪಿನವನು ನಾನಲ್ಲ. ಇದೇ ಆಯಿ ಗೌರಿಯ ಕಾಲಿಗೆ ಕರಿದಾರ ಕಟ್ಟಿ, ಮಗು ಎರಡು ದಿನ ಕಾಲು ಝಾಡಿಸಿ ಅತ್ತು, ಕೊನೆಗೆ ಶೈಲಾ ಕತ್ತರಿ ಹಾಕಿದ್ದೂ ಉಂಟು. ಹಾಗಾಗಿ ಒಂದು ಮಧ್ಯಾಹ್ನ ಆಯಿ ಓಡಿಬಂದು, "ಏಕಸಂ ಅಂತ ಹೇಳಿ ನಾ ಉಸರ ತಗೊಳ್ಳಾಕ ನಿಂತ್ನಿ. ಆಕಿ ಬೀ ಅಂದ್ಲು," ಎಂದಾಗ ನಾನು ಹಿಗ್ಗಲಿಲ್ಲ. ಇನ್ನೊಮ್ಮೆ ಹೇಳಿಸು ಎಂದೆ. ಆಯಿ ಹತ್ತು ಸಲ ಪ್ರಯತ್ನಪಟ್ಟಳು, ಆಗಲಿಲ್ಲ. ಅದು ಬರೀ ಸದ್ದು, ಮಾತಲ್ಲ, ಇನ್ನೊಮ್ಮೆ ಆಗದ್ದನ್ನು ಆಯಿತು ಎನ್ನಲಾಗದು ಎಂದು ಪಾಠ ಹೇಳಿದೆ. ಬೀ ಎಂದದ್ದು ನಿಜವೋ, ಆಯಿಯ ಆಸೆಯೋ, ಇವತ್ತಿಗೂ ನಾನರಿಯೆ.

ಚಿಕ್ಕೋಡಿಯ ಮಕ್ಕಳ ಡಾಕ್ಟರು, ಮಿರಜದಲ್ಲಿ ಇಂಥ ಮಕ್ಕಳಿಗೆಂದೇ ಒಂದು ಕೇಂದ್ರವಿದೆ, ಅಲ್ಲಿಗೆ ಹೋಗಿರೆಂದರು. ರೈಲಿನ ಸಿಳ್ಳಿಗೆ ಗೌರಿ ಹೆದರುತ್ತಿದ್ದಳೆಂದು ಕುಡಚಿ, ಕಾಗವಾಡದ ಮೇಲೆ ಬಸ್ಸಿನಲ್ಲಿ ಹೋದೆವು, ನಾವು ಮೂವರು ಮತ್ತು ಆಯಿ. ಅಲ್ಲಿಯದು ಆಸ್ಪತ್ರೆಯಂಥ ಕೋಣೆಯಲ್ಲ. ಮಾಳಿಗೆಗೆ ತೂಗುಹಾಕಿದ ಜೋಕಾಲಿ, ಮರಳಿನ ಬುಟ್ಟಿ, ಬಗೆಬಗೆಯ ಬ್ರಷ್ಷುಗಳು. ಮೆಲುದನಿಯ ಡಾಕ್ಟರ್ ಮೇಡಂ ಒಬ್ಬರು ಗೌರಿಯನ್ನು ಮುಟ್ಟಲಿಲ್ಲ, ಮಾತಾಡಿಸಲಿಲ್ಲ, ಅವಳ ಪಕ್ಕ ಕೂತು ತಾವೂ ಮರಳಿನಲ್ಲಿ ಕೈಯಾಡಿಸಿದರು. ನಾವು ಅವಳನ್ನು ಸರಿಮಾಡಿ ಎಂದು ಹೋಗಿದ್ದೆವು. ಅವರು, ಇವಳಿಗೆ ಸದ್ದು, ಸ್ಪರ್ಶ ಎಲ್ಲ ನಮಗಿಂತ ಹತ್ತಿರದಿಂದ ಬರುತ್ತವೆ, ಅಷ್ಟೇ ಎಂದರು. ಅವರ ಮಾತೆಲ್ಲ ಮರಾಠಿ. ಶೈಲಾ ಅಥಣಿಯವಳು, ಅರ್ಧ ತಿಳಿಯುತ್ತಿತ್ತು. ಆಯಿಗೆ ಎಲ್ಲವೂ ತಿಳಿಯುತ್ತಿತ್ತು.

ಆ ದಿನದ ಒಂದು ಕ್ಷಣ ನನಗೆ ಫೋಟೋದಂತೆ ನೆನಪಿದೆ. ಮೇಡಂ ಪೆನ್ನನ್ನು ಮೇಜಿನ ಮೇಲಿಟ್ಟು ನನ್ನತ್ತ ತಿರುಗಿದರು. ಮನೆಯಲ್ಲಿ ಎರಡು ಭಾಷೆ ನಡೆದರೆ ಈ ಮಗುವಿಗೆ ಗೊಂದಲ, ಒಂದನ್ನೇ ಇಟ್ಟುಕೊಳ್ಳಿ ಎಂದರು. ಪೆನ್ನಿನ ಮುಚ್ಚಳ ಬೆಳ್ಳಿಯ ಬಣ್ಣದ್ದು.

ವಾಪಸು ಬರುವಾಗ ಬಸ್ಸು ಕಾಗವಾಡದಲ್ಲಿ ನಿಂತಿತ್ತು. ಅಲ್ಲಿ ನಾನು ತೀರ್ಮಾನ ಹೇಳಿದೆ: ಶಾಲೆ ಕನ್ನಡದ್ದು, ಊರು ಕನ್ನಡದ್ದು, ಇವತ್ತಿನಿಂದ ಮನೆಯಲ್ಲಿ ಕನ್ನಡ ಮಾತ್ರ. ಶೈಲಾ ಸುಮ್ಮನಿದ್ದಳು. ಆಯಿ ಕಿಟಕಿಯಾಚೆ ನೋಡುತ್ತ, "ಬರಂ," ಎಂದಳು. ಆಗಲಿ ಎಂಬ ಆ ಒಂದು ಪದ, ನಮ್ಮ ಲೆಕ್ಕದಲ್ಲಿ ಅವಳ ಕೊನೆಯ ಮರಾಠಿ.

ಅವಳು ಮಾತಿಗೆ ತಪ್ಪಲಿಲ್ಲ. ಮೊಮ್ಮಗಳ ಜೊತೆ ಕನ್ನಡದಲ್ಲಿ ಮಾತಾಡುವಾಗ ಕಚೇರಿಗೆ ಬಂದವಳಂತೆ ಬಿಗಿಯಾಗುತ್ತಿದ್ದಳು. ಬಾ ಗೌರಿ, ಉಣ್ಣು ಗೌರಿ, ಮಲಗು ಗೌರಿ. ಊರುಗಳ ಹೆಸರನ್ನೂ ಕನ್ನಡಕ್ಕೆ ತರಲು ಒಮ್ಮೆ ನೋಡಿದಳು. ಭೋಜ ಬಂತು ಎಂದವಳು ಅಲ್ಲೇ ನಿಂತು, ಎದ್ದು ಒಳಗೆ ಹೋದಳು. ಮತ್ತೆ ಹೇಳಲಿಲ್ಲ. ಗೌರಿಯ ಕಿವಿಗೆ ಬೀಳಬಾರದೆಂದು ನಾನೂ ಆಯಿಯ ಜೊತೆ ಕನ್ನಡವೇ ಆಡಿದೆ; ಆಮೇಲೆ ಗೌರಿ ಇಲ್ಲದಾಗಲೂ ಅದೇ ಬಂತು. ಒಂಬತ್ತು ತಿಂಗಳಾದ ಮೇಲೆ ಆಯಿ, ದೊಡ್ಡ ಸೊಸೆಗೆ ಮೊಣಕಾಲು ನೋವು, ಕೈಯಾಸರೆ ಬೇಕು ಎಂದು ಏಕಸಂಬಿಗೆ, ನನ್ನ ಅಣ್ಣನ ಮನೆಗೆ ಹೋದಳು. ಜಗಳವಿರಲಿಲ್ಲ. ಜಗಳವಾಡಲು ಅವಳಿಗೆ ಕನ್ನಡ ಸಾಕಷ್ಟಿತ್ತು.

ಐದೂವರೆ ವರ್ಷಕ್ಕೆ ಗೌರಿ ಮೊದಲ ಮಾತಾಡಿದಳು: "ಬ್ಯಾಡ." ಬೆಂಡಿಕಾಯಿ ಪಲ್ಯ ನೋಡಿ ಅಂದದ್ದು. ನಾವಿಬ್ಬರೂ ಅತ್ತೆವು, ಪಲ್ಯ ಎತ್ತಿಟ್ಟೆವು. ಮಿರಜಕ್ಕೆ ಎರಡು ವರ್ಷ ಓಡಾಡಿದ್ದೆವು. ಜೋಕಾಲಿ, ಬ್ರಷ್ಷು, ಮರಳು ಎಲ್ಲವನ್ನೂ ಶೈಲಾ ಮನೆಯಲ್ಲಿ ಬಿಡದೆ ಮಾಡಿಸಿದ್ದಳು. ಶ್ರೇಯಸ್ಸನ್ನು ಮಾತ್ರ ನಾನು ನನ್ನ ಒಂದು ಭಾಷೆಗೆ ಕೊಟ್ಟೆ. ಇಂಥದೇ ಮಕ್ಕಳ ತಂದೆತಾಯಿ ಸಿಕ್ಕಾಗಲೆಲ್ಲ, ಮಿರಜದ ಡಾಕ್ಟರೇ ಹೇಳಿದ್ದು ಎಂದು ಹೇಳಿಕೊಂಡು ಬಂದೆ.

ಟ್ರಂಕಿನ ಫೈಲಿನಲ್ಲಿ ವರದಿಯ ಹಿಂದೆ ಒಂದು ಹಾಳೆಯಿತ್ತು. ಮೇಡಂ ಕೈಯಿಂದ ಮರಾಠಿಯಲ್ಲಿ ಬರೆದದ್ದು. ಟೈಪು ಮಾಡಿದ ಇಂಗ್ಲಿಷ್ ವರದಿಯನ್ನು ಓದಿದವನು ನಾನು. ಗೀಚಿದ ಹಾಳೆಯಲ್ಲೇನಿದ್ದೀತು ಎಂದು ಬಿಟ್ಟವನೂ ನಾನೇ. ಈಗ ಟ್ರಂಕಿನ ಪಕ್ಕ ಕೂತು ಅಕ್ಷರ ಕೂಡಿಸಿ ಓದಿದೆ. ನಾಲ್ಕನೆಯ ಸಾಲು ಹೀಗಿತ್ತು: ಮನೆಯವರು ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಲಿ, ಪದ ಕಡಿಮೆ ಇರಲಿ, ನಿಧಾನವಿರಲಿ. ಆಜಿಯ ಊರುಗಳ ಆಟ ದಿನಾ ಆಗಬೇಕು. ಕೊನೆಯ ಊರನ್ನು ಹೇಳದೆ ಮಗುವಿಗಾಗಿ ಕಾಯಬೇಕು. ಕಾಯಬೇಕು ಎನ್ನುವುದರ ಕೆಳಗೆ ಗೆರೆ ಎಳೆದಿದ್ದರು.

ಹಾಗಾದರೆ ಆಯಿ ಆ ಕೋಣೆಯಲ್ಲಿ ಊರುಗಳ ಆಟವನ್ನು ಹೇಳಿದ್ದಳು. ಅದು ನನಗೆ ನೆನಪೇ ಇಲ್ಲ. ಶೈಲಾಳನ್ನು ಕೇಳಿದೆ.

"ನೀವು ಹೊರಗ ಫೋನ್ ನೋಡಕೋತ ನಿಂತಿದ್ರಿ," ಎಂದಳು. "ಬಸ್ಸಿನ್ಯಾಗ ಕುಂತ ಮ್ಯಾಲೆ ಒಂದ ಭಾಷಾ ಅಂದ್ರಿ. ಮೇಡಂ ನಿಮಗ ಬ್ಯಾರೆ ಹೇಳಿರಬೇಕು ಅಂತ ನಾ ಸುಮ್ಮನಾದ್ನಿ."

ಹಾಗೆಂದರೆ ಫೋನಿನಲ್ಲಿ ಓದಿದ ಯಾರದೋ ಮಾತನ್ನು ನಾನು ಮೇಡಂ ಬಾಯಲ್ಲಿಟ್ಟೆ. ನಂಬಿಕೆ ಬರಲೆಂದು ಕೈಗೊಂದು ಪೆನ್ನನ್ನೂ ಕೊಟ್ಟೆ. ಮುಂದಿನ ಸಲ ಹೋಗುವಷ್ಟರಲ್ಲಿ ಅವರು ಬೇರೆ ಊರಿಗೆ ಹೋಗಿದ್ದರು, ಅವರ ಜಾಗಕ್ಕೆ ಬಂದವರಿಗೆ ಆಟದ ವಿಷಯ ಗೊತ್ತಿರಲಿಲ್ಲ. ಆಟ ನಡೆದಿದ್ದರೆ ಗೌರಿ ನಾಲ್ಕಕ್ಕೇ ಮಾತಾಡುತ್ತಿದ್ದಳೇ? ಯಾರೂ ಹೇಳಲಾರರು. ಇರುವವಳು ಒಬ್ಬಳೇ ಗೌರಿ, ಕಳೆದದ್ದು ಒಂದೇ ಬಾಲ್ಯ. ಹೋಲಿಸಿ ನೋಡಲು ಇನ್ನೊಂದಿಲ್ಲ.

ಮೊದಲು ಕುಡಚಿಯ ಒಬ್ಬ ತಂದೆಗೆ ಫೋನು ಮಾಡಿದೆ. ಮನೆಯಲ್ಲಿ ಉರ್ದು ಆಡುವವರು. ಹೋದ ವರ್ಷ ನನ್ನ ಉಪದೇಶವನ್ನು ತಲೆದೂಗಿ ಕೇಳಿದ್ದರು. ನಾನು ಹೇಳಿದ್ದು ತಪ್ಪು, ಡಾಕ್ಟರು ಹಾಗೆ ಹೇಳಿಯೇ ಇರಲಿಲ್ಲ ಎಂದೆ. ಅವರು ನಕ್ಕರು. "ನಮ್ಮ ಅಮ್ಮೀ ನಿಮ್ಮ ಮಾತ ಕೇಳಲೇ ಇಲ್ರಿ ಸರ. ಇನ್ನೂ ಮೊಮ್ಮಗನ್ನ ಉರ್ದುದಾಗ ಬೈತಾರ." ಫೋನಿಟ್ಟ ಮೇಲೆ ಬಹಳ ಹೊತ್ತು ಆ ಕಾಣದ ಅಮ್ಮೀಯ ಮೇಲೆ ಹೊಟ್ಟೆಕಿಚ್ಚುಪಟ್ಟೆ.

ಭಾನುವಾರ ಗೌರಿಯನ್ನು ಕರೆದುಕೊಂಡು ಏಕಸಂಬಿಗೆ ಹೋದೆ. ಆಯಿ ಹಿತ್ತಲಿನಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗೌರಿ ನೇರ ಹೋಗಿ ಎದುರು ಕೂತು ಮೊರದಲ್ಲಿನ ಹರಳು ಆರಿಸತೊಡಗಿದಳು. ಕಾಳಿನ ನಡುವೆ ಹರಳು ಹುಡುಕುವುದು ಅವಳಿಗೆ ಬಲು ಪ್ರೀತಿ, ಒಂದೂ ತಪ್ಪುವುದಿಲ್ಲ. ನಾನು ಹಾಳೆಯ ಸುದ್ದಿ ಹೇಳಿದೆ. ಮೇಡಂ ಹಾಗೆ ಹೇಳಿರಲಿಲ್ಲ ಆಯಿ, ಅದು ನನ್ನದೇ ಮಾತು ಎಂದೆ.

"ಗೊತ್ತೈತಿ," ಎಂದಳು ಆಯಿ. "ನನ್ನ ಎದರಿಗೇ ಕುಂತ ಹೇಳಿದ್ರಲ್ಲ. ನನಗ ತಿಳೀಲಿಲ್ಲ ಅಂದ್ಕೊಂಡೇನು?"

"ಮತ್ತ ಬಸ್ಸಿನ್ಯಾಗ ಯಾಕ ಸುಮ್ಮನ ಕುಂತಿ?"

ಮೊರವನ್ನು ಒಮ್ಮೆ ಕೇರಿ, ಹೊಟ್ಟು ಊದಿ, ಆಮೇಲೆ ಹೇಳಿದಳು. "ನೀ ಅಷ್ಟು ಕಲತಾಂವ. ನಿನಗೇನರೆ ತಿಳದಿರಬೇಕು ಅಂದ್ಕೊಂಡ್ನಿ. ಶೈಲಾ ನೌಕರಿ ಬಿಟ್ಟಿದ್ಲು. ನೀ ಗೆಳ್ಯಾರನ್ನ ಬಿಟ್ಟಿದ್ದಿ. ಕೂಸಿನ ಸಲುವಾಗಿ ಎಲ್ಲಾರೂ ಏನರೆ ಬಿಡಾಕತ್ತಿದ್ರು, ಮಗಾ. ನನ್ನ ಹತ್ರ ಬಿಡಾಕ ಅದೊಂದ ಇತ್ತು."

ಎಷ್ಟೋ ವರ್ಷಗಳ ಮೇಲೆ ಬಾಯಿ ತೆರೆದು ಮರಾಠಿಯಲ್ಲಿ ಕೇಳಿದೆ: "ಆಯಿ, ತಿಚ್ಯಾಶೀ ಪರತ ಬೋಲ ನಾ." ಅವಳ ಜೊತೆ ಮತ್ತೆ ಮಾತಾಡು ಎಂದು.

ಆಯಿ ಗೌರಿಯನ್ನು ನೋಡಿದಳು. "ಈಕಿ ಮಾರಿ ನೋಡಿದ್ರ ಈಗ ನನಗ ಕನ್ನಡನ ಬರತೈತಿ," ಎಂದಳು.

"ಆಜಿ, ಅಪ್ಪ ಏನಂದ?" ಎಂದು ಗೌರಿ ಕೇಳಿದಳು.

"ನಿನ್ನ ಜೋಡಿ ಮಾತಾಡು ಅಂದ."

ಗೌರಿ ಮೊರದಿಂದ ಕಣ್ಣೆತ್ತಲಿಲ್ಲ. "ಮಾತಾಡಾಕತ್ತಿಯಲ್ಲ."

"ಹೂಂ, ಮಾತಾಡಾಕತ್ತೀನಿ," ಎಂದಳು ಆಯಿ. ಇಬ್ಬರ ತಲೆಗಳೂ ಮತ್ತೆ ಮೊರದ ಮೇಲೆ ಬಾಗಿದವು.

ಗೌರಿಗೆ ಏನೂ ಕಳೆದಿರಲಿಲ್ಲ. ಅವಳ ಆಜಿ ಕನ್ನಡದ ಆಜಿ, ಅಲ್ಲೇ ಎದುರಿಗಿದ್ದಳು. ಜ್ವರ ಬಂದಾಗ ಹಣೆ ಮುಟ್ಟಿ ಮರಾಠಿಯಲ್ಲಿ ಬೈಯುತ್ತಿದ್ದ ಒಬ್ಬಳಿದ್ದಳಲ್ಲ, ಅವಳು ನನ್ನವಳು. ಮಗಳಿಗಾಗಿ ಎಂದುಕೊಂಡು ನಾನು ಸುಮ್ಮನಾಗಿಸಿದ್ದು ನನ್ನ ತಾಯಿಯನ್ನು.

"ಮಗ ಮಾಝ್ಯಾಶೀ ತರೀ ಬೋಲ," ಎಂದೆ. ಹಾಗಾದರೆ ನನ್ನ ಜೊತೆಗಾದರೂ ಮಾತಾಡು.

ಆಯಿಯ ಕೈ ನಿಂತಿತು. ಬಹಳ ದಿನ ತೆರೆಯದ ಬಾಗಿಲನ್ನು ನೂಕುವವಳಂತೆ ತುಸು ತಡೆದು, "ಕಾಯ ಬೋಲೂ?" ಎಂದಳು. ಏನು ಮಾತಾಡಲಿ?

ಹತ್ತಿರ ಸರಿದು, ಮೊರದ ಖಾಲಿ ಬದಿಗೆ ಕೂತೆ.